ಬಿಒಡಿ ಕಡಿಮೆ ಬಂದರೆ ನನಗೆ ಅನುಮಾನ

ಕಾಗದದ ಕಾರ್ಖಾನೆಯ ಲ್ಯಾಬಿಗೆ ಸೇರಿದ ಹೊಸದರಲ್ಲಿ, ತಿರುಳನ್ನು ಬಿಳುಪಾಗಿಸುವ ಬ್ಲೀಚಿಂಗ್ ವಿಭಾಗದ ತ್ಯಾಜ್ಯನೀರಿನ ಬಿಒಡಿ (ಕೊಳೆ ತಿನ್ನುವಾಗ ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಕಡಿಮೆ ಬಂದರೆ ಖುಷಿಪಡುತ್ತಿದ್ದೆ. ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಒಡೆಯಲು ತಗಲುವ ಆಮ್ಲಜನಕ) ಮಾತ್ರ ಎಂದಿನಂತೆ ಏರಿಯೇ ಇರುತ್ತಿತ್ತು. ‘ಮರದ ನಾರುಗಳನ್ನು ಅಂಟಿಸಿಟ್ಟಿರುವ ಲಿಗ್ನಿನ್ ಅಲ್ವಾ, ಬ್ಯಾಕ್ಟೀರಿಯಾಕ್ಕೆ ಅಷ್ಟು ಬೇಗ ಜೀರ್ಣವಾಗಲ್ಲ’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದು ಅರ್ಧ ನಿಜವೂ ಹೌದು.

ಉಳಿದರ್ಧ ಗೊತ್ತಾದದ್ದು ಒಂದೇ ಸ್ಯಾಂಪಲನ್ನು ಮೂರು ಪ್ರಮಾಣದಲ್ಲಿ ದುರ್ಬಲಗೊಳಿಸಿ, 20 ಡಿಗ್ರಿಯಲ್ಲಿ 5 ದಿನ ಇಟ್ಟಾಗ. ಲೆಕ್ಕ ಹಾಕಿದರೆ ಮೂರರಲ್ಲೂ ಹೆಚ್ಚೂಕಡಿಮೆ ಒಂದೇ ಉತ್ತರ ಬರಬೇಕು. ಆದರೆ ಹೆಚ್ಚು ನೀರು ಬೆರೆಸಿದಷ್ಟೂ ಬಿಒಡಿ ಏರುತ್ತಿತ್ತು! ಬಿಳುಪಾಗಿಸಲು ಹಾಕಿ ನೀರಿನಲ್ಲಿ ಉಳಿದಿದ್ದ ಕ್ಲೋರಿನ್ ಡೈಆಕ್ಸೈಡ್, ಕೊಳೆ ತಿನ್ನಬೇಕಾದ ಸೂಕ್ಷ್ಮಜೀವಿಗಳನ್ನೇ ಬಾಟಲಿಯೊಳಗೆ ಕೊಲ್ಲುತ್ತಿತ್ತು. ನಾನು ಅಷ್ಟು ದಿನ ಬರೆದಿಟ್ಟದ್ದು ನೀರಿನ ಶುದ್ಧತೆಯನ್ನಲ್ಲ, ವಿಷವನ್ನು.

ಆಮೇಲೆ ಪದ್ಧತಿ ಬದಲಿಸಿದೆ. ಸ್ವಲ್ಪ ಸ್ಯಾಂಪಲಿಗೆ ಆಮ್ಲ, ಪೊಟ್ಯಾಸಿಯಂ ಅಯೊಡೈಡ್, ಪಿಷ್ಟ ಹಾಕಿ ನೋಡುತ್ತೇನೆ. ನೀಲಿಯಾದರೆ ಆ ವಿಷ ಇನ್ನೂ ಉಳಿದಿದೆ ಎಂದರ್ಥ; ಅದನ್ನು ಕಳೆಯಲು ಸೋಡಿಯಂ ಸಲ್ಫೈಟ್ ಎಷ್ಟು ಬೇಕೋ ಅಷ್ಟೇ. ಹೆಚ್ಚಾದರೆ ಅದೇ ಆಮ್ಲಜನಕ ಕುಡಿಯುತ್ತದೆ. ಪಿಎಚ್ ಸರಿಪಡಿಸಿ, ನಮ್ಮದೇ ಶುದ್ಧೀಕರಣ ಘಟಕದ, ಈ ನೀರಿಗೆ ಒಗ್ಗಿಕೊಂಡ ಜೀವಿಗಳನ್ನು ಸೇರಿಸುತ್ತೇನೆ. ಮೊದಲ ಸಲ ಅಂಕಿ ಏರಿದಾಗ ಮ್ಯಾನೇಜರ್ ಮುಖ ಇಳಿಯಿತು. ‘ನಿನ್ನೆವರೆಗೆ ಸರಿಯಿತ್ತಲ್ಲ?’ ಎಂದರು. ಇರಲಿಲ್ಲ ಸಾರ್, ಗೊತ್ತಿರಲಿಲ್ಲ ಅಷ್ಟೆ.

ಸ್ಯಾಂಪಲ್ ತೆಗೆಯುವ ಹೊತ್ತೂ ಹೀಗೇ ಮೋಸ ಮಾಡುತ್ತದೆ. ಬ್ಲ್ಯಾಕ್ ಲಿಕರ್ (ತಿರುಳಿಗಾಗಿ ಮರ ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರಾವಣ) ಚೆಲ್ಲಿ ಚರಂಡಿ ಸೇರಿ ಹರಿದುಹೋಗಲು ಇಪ್ಪತ್ತು ನಿಮಿಷ ಸಾಕು. ದಿನಕ್ಕೊಮ್ಮೆ ಬಾಟಲಿ ತುಂಬುವವನಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಹರಿವಿಗೆ ತಕ್ಕಂತೆ 24 ಗಂಟೆ ಕೂಡಿಸಿದ ಸ್ಯಾಂಪಲ್ ಬೇಕು, ಜೊತೆಗೆ ಚರಂಡಿಯಲ್ಲೊಂದು ವಿದ್ಯುತ್ ವಾಹಕತೆಯ ಮೀಟರ್. ಲಿಕರ್ ತುಂಬ ಸೋಡಿಯಂ ಲವಣಗಳಿರುವುದರಿಂದ ಮುಳ್ಳು ತಕ್ಷಣ ನೆಗೆಯುತ್ತದೆ. ಬಿಒಡಿಗೆ ಐದು ದಿನ ಕಾಯುತ್ತ ಕೂತರೆ ಕಥೆ ಮುಗಿದಿರುತ್ತದೆ.

ಗಾಳಿಯ ಕಡೆ ಹೈಡ್ರೋಜನ್ ಸಲ್ಫೈಡ್ ವಿಷಯದಲ್ಲಿ ಮೂಗನ್ನು ನಂಬಲೇಬೇಡಿ. ಚೂರೇ ಇದ್ದಾಗ ಕೊಳೆತ ಮೊಟ್ಟೆ ನಾತ. 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗ) ಸುಮಾರಿಗೆ ಮೂಗು ಸತ್ತು ವಾಸನೆಯೇ ಇರುವುದಿಲ್ಲ. ಕಾಲರ್‌ಗೆ ಮೀಟರ್ ಸಿಕ್ಕಿಸದೆ ನಾನು ಮೆಟ್ಟಿಲು ಹತ್ತುವುದಿಲ್ಲ.

ಬ್ಲ್ಯಾಕ್ ಲಿಕರ್ ಸುಡುವ ರಿಕವರಿ ಬಾಯ್ಲರ್ ಚಿಮಣಿಯಲ್ಲಿ ದೂಳು ಅಳೆಯುವಾಗ ನಳಿಕೆ ಎಳೆಯುವ ವೇಗ, ಒಳಗಿನ ಅನಿಲದ ವೇಗ ಎರಡೂ ಹೊಂದಬೇಕು. ಜಾಸ್ತಿ ಎಳೆದರೆ ಅನಿಲ ಒಳಬರುತ್ತದೆ, ದಪ್ಪ ಕಣಗಳು ತಮ್ಮ ಓಟದಲ್ಲೇ ಪಕ್ಕಕ್ಕೆ ಹೋಗುತ್ತವೆ. ಮತ್ತೆ ಅಂಕಿ ಕಡಿಮೆ. ಅದನ್ನೆಲ್ಲ ಸರಿಯಾಗಿ ಮಾಡಿ ಇಳಿದ ಒಂದು ದಿನ, ನಳಿಕೆಯ ಒಳಗೋಡೆಗೆ ಅಂಟಿದ ದೂಳನ್ನು ಅಸಿಟೋನ್‌ನಲ್ಲಿ ತೊಳೆದ ಬೀಕರನ್ನು ಹುಡುಗನೊಬ್ಬ ಸಿಂಕಿಗೆ ಸುರಿದ. ತೂಗಬೇಕಾದದ್ದು ಫಿಲ್ಟರ್ ಒಂದನ್ನೇ ಅಲ್ಲವೆಂದು ನಾನೇ ಅವನಿಗೆ ಹೇಳಿರಲಿಲ್ಲ. ಮರುದಿನ ಇಬ್ಬರೂ ಮತ್ತೆ ಚಿಮಣಿ ಹತ್ತಿದೆವು.