ಬಯೋಸ್‌ಗೆ ನಿಮ್ಮದೇ ಬೂಟ್ ಕೋಡ್ ಸೇರಿಸುವುದು ಹೇಗೆ?

ಲಿನಕ್ಸ್ ಆಗಲಿ, ವಿಂಡೋಸ್ ಆಗಲಿ ಏಳುವ ಮೊದಲೇ ನೀವು ಬರೆದ ಪುಟ್ಟ ಪ್ರೋಗ್ರಾಂ ಓಡಬೇಕಿದ್ದರೆ ಅದನ್ನು ‘ಆಪ್ಷನ್ ರೋಮ್’ (ಯಂತ್ರ ಏಳುವಾಗ ಬಯೋಸ್ ಓಡಿಸುವ ಸಣ್ಣ ಕೋಡ್ ಫೈಲ್) ಆಗಿ ಫರ್ಮ್‌ವೇರ್‌ನೊಳಗೆ, ಅಂದರೆ ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಬಯೋಸ್‌ನಂಥ ತಂತ್ರಾಂಶದೊಳಗೆ, ಇಡಬಹುದು. ಕಲಿಯಲು 2012ರ ಥಿಂಕ್‌ಪ್ಯಾಡ್ ಎಕ್ಸ್230ಕ್ಕಿಂತ ಒಳ್ಳೆಯ ಯಂತ್ರವಿಲ್ಲ: ಕೋರ್‌ಬೂಟ್ (ತಯಾರಕರ ಬಯೋಸ್ ಬದಲು ಹಾಕುವ ಮುಕ್ತ ಫರ್ಮ್‌ವೇರ್), ಸೀಬಯೋಸ್ (ಅದರ ಮೇಲೆ ಓಡುವ ಮುಕ್ತ ಬಯೋಸ್) ಎರಡೂ ಅದರಲ್ಲಿ ಚೆನ್ನಾಗಿ ನಡೆಯುತ್ತವೆ. ಹೊಸ ಲ್ಯಾಪ್‌ಟಾಪ್‌ಗಳ ತಂಟೆಗೆ ಹೋಗಬೇಡಿ. ಇಂಟೆಲ್‌ನ ಬೂಟ್ ಗಾರ್ಡ್ ಜಾರಿಯಲ್ಲಿದ್ದರೆ ತಯಾರಕರ ಸಹಿ ಇಲ್ಲದ ಕೋಡ್ ಅಲ್ಲಿ ಏಳುವುದೇ ಇಲ್ಲ.

1. ರೋಮ್ ಬರೆಯಿರಿ. ಮೊದಲ ಎರಡು ಬೈಟ್ ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) 55, ಎಎ. ಮೂರನೆಯದು ಗಾತ್ರ, 512 ಬೈಟ್‌ಗಳ ಲೆಕ್ಕದಲ್ಲಿ. ಅದರ ಮುಂದಿನ ಬೈಟ್‌ನಿಂದಲೇ ಕೋಡ್ ಓಡುತ್ತದೆ. ಕೊನೆಗೆ ‘ಫಾರ್ ರಿಟರ್ನ್’ (ಕರೆದ ಬಯೋಸ್‌ಗೆ ಮರಳುವ ಆಜ್ಞೆ) ಇರಲೇಬೇಕು. ಸಾದಾ ರಿಟರ್ನ್ ಹಾಕಿದರೆ ಯಂತ್ರ ಅಲ್ಲೇ ನಿಲ್ಲಬಹುದು. ಫೈಲನ್ನು ಪೂರ್ಣ ಗಾತ್ರಕ್ಕೆ ಸೊನ್ನೆಗಳಿಂದ ತುಂಬಿಸಿ, ಆಮೇಲೆ ಎಲ್ಲ ಬೈಟ್‌ಗಳನ್ನೂ ಕೂಡಿಸಿ. ಮೊತ್ತದ ಕೊನೆಯ ಎರಡು ಹೆಕ್ಸ್ ಅಂಕೆಗಳು 3ಎ ಬಂದರೆ ಕಟ್ಟಕಡೆಯ ಬೈಟ್‌ಗೆ ಸಿ6 ಬರೆಯಿರಿ, ಒಟ್ಟು 00 ಆಗುತ್ತದೆ. ಈ ಮೊತ್ತ (ಚೆಕ್‌ಸಮ್) ತಪ್ಪಿದರೆ ಸೀಬಯೋಸ್ ಆ ರೋಮನ್ನು ಬಿಟ್ಟು ಮುಂದೆ ಹೋಗುತ್ತದೆ. ಪರದೆಯ ಮೇಲೆ ಸುಳಿವು ಸಿಗುವುದಿಲ್ಲ, ದೋಷ ಕೋಡ್‌ನಲ್ಲೇ ಇದೆಯೆಂದು ಜನ ರಾತ್ರಿಯಿಡೀ ಹುಡುಕುತ್ತಾರೆ.

2. ಮೊದಲು ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ ಕ್ಯೂಎಮುವಿನ ಆಪ್ಷನ್ ರೋಮ್ ಸೌಲಭ್ಯದಲ್ಲಿ ಓಡಿಸಿ ನೋಡಿ.

3. ಕೋರ್‌ಬೂಟ್ ಇಮೇಜ್ (ಚಿಪ್‌ಗೆ ಬರೆಯುವ ಪೂರ್ಣ ಫೈಲ್) ಕಟ್ಟಿ, ಕೋರ್‌ಬೂಟ್‌ನದೇ ಸಲಕರಣೆಯಾದ ಸಿಬಿಎಫ್‌ಎಸ್‌ಟೂಲ್‌ನಿಂದ ನಿಮ್ಮ ಫೈಲನ್ನು ‘ಜೆನ್‌ರೋಮ್ಸ್’ ಫೋಲ್ಡರ್‌ನ ಹೆಸರಿನಡಿ ಸೇರಿಸಿ.

4. ಫರ್ಮ್‌ವೇರ್ ಇರುವ ಚಿಪ್ ಓದಿ. ಬಹುತೇಕರು ಎಡವುವುದು ಇಲ್ಲಿ. ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆಯಿರಿ. ಕೀಬೋರ್ಡ್ ಮತ್ತು ಕೈಯಾನಿಸುವ ಹಲಗೆ ಬಿಚ್ಚಿದರೆ ಎಂಟು ಕಾಲಿನ ಎರಡು ಚಿಪ್ ಕಾಣುತ್ತವೆ. ಪರದೆಯ ಕಡೆಗಿರುವ 4 ಎಂಬಿ ಚಿಪ್ ನಮಗೆ ಬೇಕು; 8 ಎಂಬಿಯದನ್ನು ಮುಟ್ಟುವುದೇ ಬೇಡ. ಚಿಪ್‌ನ ಮೂಲೆಯ ಚುಕ್ಕಿ ಒಂದನೇ ಕಾಲನ್ನು ತೋರಿಸುತ್ತದೆ, ಚಿಪ್‌ನ ಕಾಲುಗಳನ್ನು ಹಿಡಿಯುವ ಕ್ಲಿಪ್‌ನ ಕೆಂಪು ತಂತಿ ಅದರ ಮೇಲೆಯೇ ಕೂರಬೇಕು.

ಅಗ್ಗದ ಕಪ್ಪು ಸಿಎಚ್341ಎ ಪ್ರೋಗ್ರಾಮರ್ (ಚಿಪ್ ಓದಿ ಬರೆಯುವ ಸಾಧನ) ಕೊಳ್ಳಬೇಡಿ. 3.3 ವೋಲ್ಟ್‌ನ ಚಿಪ್‌ಗೆ ಅದರ ಡೇಟಾ ತಂತಿಗಳು 5 ವೋಲ್ಟ್ ಕೊಡುತ್ತವೆ. ‘ನನಗೇನೂ ಆಗಲಿಲ್ಲ’ ಎನ್ನುವವರ ಮಾತು ನಂಬಿ ನಿಮ್ಮ ಮದರ್‌ಬೋರ್ಡನ್ನು ಪಣಕ್ಕಿಡಬೇಡಿ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸಿ. ಅದರ ಪಿನ್‌ಗಳು 3.3 ವೋಲ್ಟ್‌ನವೇ. ಜೋಡಿಸುವ ತಂತಿಗಳು ಗಿಡ್ಡವಾಗಿರಲಿ.

ಫ್ಲ್ಯಾಶ್‌ರೋಮ್ ತಂತ್ರಾಂಶದಿಂದ ಚಿಪ್ಪನ್ನು ಎರಡು ಬಾರಿ ಓದಿ, ನಡುವೆ ಕ್ಲಿಪ್ ತೆಗೆದು ಮತ್ತೆ ಹಾಕಿ. ಎರಡೂ ಫೈಲ್‌ಗಳ ಎಸ್‌ಎಚ್‌ಎ-256 (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಒಂದೇ ಬರಬೇಕು. ಒಂದೇ ಬಂದರೂ ಫೈಲನ್ನು ಒಮ್ಮೆ ತೆರೆದು ನೋಡಿ: ತುಂಬಾ ಬರೀ ಎಫ್‌ಎಫ್ ಇದ್ದರೆ ಕ್ಲಿಪ್ ಕೂತಿಲ್ಲವೆಂದರ್ಥ. ಸರಿಯಾದ ಪ್ರತಿಯನ್ನು ಬೇರೆ ಯಂತ್ರದಲ್ಲಿಯೂ ಉಳಿಸಿಡಿ. ಇದನ್ನು ಹಾರಿಸಿ ನೇರ ಬರೆಯಲು ಹೊರಟವರಿಗೆ ಹಿಂದಿರುಗುವ ದಾರಿ ಇರುವುದಿಲ್ಲ.

5. ಬರೆಯಿರಿ. ಎರಡೂ ಚಿಪ್‌ಗಳ ಗಾತ್ರ ಸೇರಿದ 12 ಎಂಬಿ ಕೋರ್‌ಬೂಟ್ ಇಮೇಜ್‌ನ ಕೊನೆಯ 4 ಎಂಬಿಯನ್ನು ಕತ್ತರಿಸಿ ಆ ಚಿಪ್‌ಗೆ ಬರೆಯಿರಿ. ಫ್ಲ್ಯಾಶ್‌ರೋಮ್ ತಾನೇ ಮರಳಿ ಓದಿ ತಾಳೆ ನೋಡುತ್ತದೆ. ‘ವೆರಿಫೈಡ್’ ಎಂದು ಬರುವವರೆಗೆ ಕ್ಲಿಪ್ ಅಲುಗಿಸಬೇಡಿ. ಮೊದಲ ಬೂಟ್‌ನಲ್ಲಿ ಮೆಮೊರಿಯ ಹೊಂದಾಣಿಕೆ ನಡೆಯುವುದರಿಂದ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು. ಕೆಲವು ನಿಮಿಷಗಳಾದರೂ ಬೆಳಕು ಬಾರದಿದ್ದರೆ ಉಳಿಸಿಟ್ಟ ಹಳೆಯ ಪ್ರತಿಯನ್ನೇ ಅದೇ ಚಿಪ್‌ಗೆ ಮರಳಿ ಬರೆಯಿರಿ.