ಬೇಸಿಗೆಯ ಊಟಕ್ಕೆ ತಣ್ಣನೆಯ ಜರ್ಮನ್ ಟೊಮೆಟೊ ಸಲಾಡ್

ಜರ್ಮನಿಯ ಮನೆಗಳಲ್ಲಿ ಟೊಮಾಟನ್‌ಜಲಾಟ್ ಅಂದರೆ ದೊಡ್ಡ ಅಡುಗೆಯೇನಲ್ಲ. ಹೆಚ್ಚಿದ ಟೊಮೆಟೊ, ಸಣ್ಣಗೆ ಕೊಚ್ಚಿದ ಈರುಳ್ಳಿ, ವಿನೆಗರ್, ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ, ಸ್ವಲ್ಪ ಸಕ್ಕರೆ, ಮೇಲೆ ಈರುಳ್ಳಿ ಜಾತಿಯದೇ ಒಂದು ಎಳೆಸೊಪ್ಪು. ಅದನ್ನು ಅವರು ಶ್ನಿಟ್‌ಲೌಖ್ ಅನ್ನುತ್ತಾರೆ. ನಮ್ಮ ಕೋಸಂಬರಿಗೆ ಇದು ದೂರದ ನೆಂಟ. ಬೇಳೆ ಇಲ್ಲ, ಕಾಯಿತುರಿ ಇಲ್ಲ, ಒಗ್ಗರಣೆ ಇಲ್ಲ. ಒಲೆ ಹಚ್ಚುವ ಕೆಲಸವೇ ಇಲ್ಲದ್ದರಿಂದ ಮೈಸೂರು, ಮಂಡ್ಯದ ಏಪ್ರಿಲ್ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ್ದು.

ಇಷ್ಟು ಸುಲಭದ್ದೂ ಕೆಡುತ್ತದೆ. ಬಟ್ಟಲಿನ ತುಂಬ ನೀರು, ಹಿಟ್ಟುಹಿಟ್ಟಾದ ಟೊಮೆಟೊ, ಮೂಗಿಗೆ ಹೊಡೆಯುವ ಈರುಳ್ಳಿ. ಬಹಳ ಸಲ ತಪ್ಪಾಗುವುದು ತಣ್ಣಗೆ ಮಾಡುವ ಕ್ರಮದಲ್ಲಿ. ಟೊಮೆಟೊವನ್ನು ಎರಡು ದಿನ ಫ್ರಿಜ್ಜಿನಲ್ಲಿಟ್ಟು, ತೆಗೆದು, ಹೆಚ್ಚಿ, ಕಲಸಿದರೆ ಸಲಾಡ್ ತಣ್ಣಗಿರುತ್ತದೆ, ರುಚಿ ಇರುವುದಿಲ್ಲ. ಸುಮಾರು 12 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇದ್ದ ಟೊಮೆಟೊದ ಪರಿಮಳ ಕುಗ್ಗುತ್ತದೆ, ತಿರುಳು ಸಡಿಲವಾಗುತ್ತದೆ. ಮನೆಯ ಫ್ರಿಜ್ಜು ಇರುವುದು 4 ಡಿಗ್ರಿ ಆಸುಪಾಸು. ಹಾಗಾಗಿ ಮೊದಲು ತಣ್ಣಗಾಗಬೇಕಾದ್ದು ವಿನೆಗರ್ ರಸ ಮತ್ತು ಬಟ್ಟಲು. ಟೊಮೆಟೊ ಫ್ರಿಜ್ಜಿಗೆ ಹೋಗುವುದು ಹೆಚ್ಚಿ ಕಲಸಿದ ಮೇಲೆ, ಅದೂ ಅರ್ಧ ಗಂಟೆಗೆ.

ಟೊಮೆಟೊ ಆರಿಸುವುದು

ದೇವರಾಜ ಮಾರುಕಟ್ಟೆಯಲ್ಲಾಗಲಿ ಬೀದಿಯ ಗಾಡಿಯಲ್ಲಾಗಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ನಾಟಿ ಟೊಮೆಟೊ ಚಪ್ಪಟೆ, ಹುಳಿ ಜಾಸ್ತಿ, ಸಿಪ್ಪೆ ತೆಳು, ರಸ ಧಾರಾಳ. ಹೈಬ್ರಿಡ್ ಮೊಟ್ಟೆಯಂತೆ ಉದ್ದ, ಗಟ್ಟಿ, ತಿರುಳು ಹೆಚ್ಚು, ಸಿಪ್ಪೆ ದಪ್ಪ, ಹುಳಿ ಕಡಿಮೆ. ನಾಟಿಯೊಂದನ್ನೇ ಹಾಕಿದರೆ ಸಲಾಡ್ ಸಾರಾಗುತ್ತದೆ. ಹೈಬ್ರಿಡ್ ಒಂದೇ ಆದರೆ ನೋಡಲು ಚೆಂದ, ತಿನ್ನಲು ಸಪ್ಪೆ. ಅರ್ಧ ಕಿಲೋಗೆ ಹೈಬ್ರಿಡ್ 300 ಗ್ರಾಂ, ನಾಟಿ 200 ಗ್ರಾಂ ಸೇರಿಸಿದರೆ ಹೋಳೂ ನಿಲ್ಲುತ್ತದೆ, ಹುಳಿಯೂ ಸಿಗುತ್ತದೆ.

ಸಾರಿಗೆ ಕೊಳ್ಳುವಷ್ಟು ಹಣ್ಣಾದದ್ದು ಇದಕ್ಕೆ ಬೇಡ. ಪೂರ್ತಿ ಕೆಂಪಾಗಿದ್ದು, ಒತ್ತಿದರೆ ಸ್ವಲ್ಪವೇ ಬಗ್ಗಬೇಕು. ತೊಟ್ಟಿನ ಹತ್ತಿರ ಮೂಸಿದರೆ ಗಿಡದ ವಾಸನೆ ಬರಬೇಕು. ದೋರೆಗಾಯಿ ಸಿಕ್ಕಿದರೆ ಪ್ಲಾಸ್ಟಿಕ್ ಕವರಿನಿಂದ ತೆಗೆದು, ತೊಟ್ಟು ಕೆಳಗೆ ಮಾಡಿ, ಒಂದರ ಮೇಲೊಂದು ಬೀಳದಂತೆ ಮೊರದಲ್ಲಿ ಹರಡಿ ನೆರಳಿನಲ್ಲಿಡಿ. ಎರಡು ಮೂರು ದಿನದಲ್ಲಿ ಹಣ್ಣಾಗುತ್ತದೆ.

ಅಳತೆ, ನಾಲ್ಕು ಜನಕ್ಕೆ

ಟೊಮೆಟೊ ಅರ್ಧ ಕಿಲೋ. ಈರುಳ್ಳಿ ಒಂದು ಚಿಕ್ಕದು, ಸುಮಾರು 50 ಗ್ರಾಂ. ಅದರ ಬದಲು ಸಾಂಬಾರ್ ಈರುಳ್ಳಿ ಐದಾರು ಆದರೆ ಇನ್ನೂ ಒಳ್ಳೆಯದು. ವಿನೆಗರ್ 2 ಊಟದ ಚಮಚ, ಅಂದರೆ 30 ಮಿಲಿ. ಸೂರ್ಯಕಾಂತಿ ಎಣ್ಣೆ 3 ಊಟದ ಚಮಚ. ಉಪ್ಪು ಒಟ್ಟು ಮುಕ್ಕಾಲು ಟೀ ಚಮಚ, ಸಕ್ಕರೆ 1 ಟೀ ಚಮಚ, ಆಗ ತಾನೇ ಕುಟ್ಟಿದ ಕಾಳುಮೆಣಸು ಕಾಲು ಟೀ ಚಮಚ. ಬಾಟಲಿಯಲ್ಲಿ ಸಿಗುವ ಸಾಸಿವೆ ಸಾಸ್ ಇದ್ದರೆ ಅರ್ಧ ಟೀ ಚಮಚ. ಅದು ಎಣ್ಣೆ, ವಿನೆಗರ್ ಬೇಗ ಬೇರೆಯಾಗದಂತೆ ಹಿಡಿದಿಡುತ್ತದೆ. ಇಲ್ಲದಿದ್ದರೆ ಬಿಡಿ. ಹಸಿ ಸಾಸಿವೆ ಪುಡಿ ಹಾಕಿದರೆ ಕಹಿಯಾಗುತ್ತದೆ.

ಜರ್ಮನಿಯಲ್ಲಿ ಮನೆಬಳಕೆಯ ವಿನೆಗರ್ ಕನಿಷ್ಠ ಶೇಕಡಾ 5ರಷ್ಟು ಹುಳಿಯದು. ನಮ್ಮ ದಿನಸಿ ಅಂಗಡಿಯ ಬಿಳಿ ವಿನೆಗರ್ ಸಾಮಾನ್ಯವಾಗಿ ಶೇಕಡಾ 4ರ ಸುಮಾರು. ಅದಕ್ಕೇ 2 ಚಮಚ ಹೇಳಿದ್ದು. ಸೇಬಿನ ವಿನೆಗರ್ ಇದ್ದರೆ ಒಂದೂವರೆ ಚಮಚ ಸಾಕು, ರುಚಿಯೂ ಅಲ್ಲಿಯದಕ್ಕೆ ಹತ್ತಿರ. ನಿಂಬೆಹಣ್ಣು ಹಿಂಡಬಹುದು, ಯಾರೂ ಬೇಡ ಅನ್ನುವುದಿಲ್ಲ, ಆದರೆ ಆಗ ತಟ್ಟೆಯಲ್ಲಿರುವುದು ಕೋಸಂಬರಿಯೇ.

ಎಣ್ಣೆಯ ವಿಷಯದಲ್ಲಿ ಎಚ್ಚರ. ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ತಿರವೇ ಗಟ್ಟಿಯಾಗುತ್ತದೆ, ಫ್ರಿಜ್ಜಿನಲ್ಲಿ ಬಿಳಿ ಮೇಣದ ಚೂರಾಗಿ ಟೊಮೆಟೊಗೆ ಮೆತ್ತಿಕೊಳ್ಳುತ್ತದೆ. ಆಲಿವ್ ಎಣ್ಣೆಯೂ ಚಳಿಗೆ ಮಬ್ಬಾಗಿ ಹೆಪ್ಪುಗಟ್ಟುವ ಜಾತಿಯದೇ. ಗಾಣದ ಕಡಲೆಕಾಯಿ ಎಣ್ಣೆಯ ಘಮ ಚಟ್ನಿಪುಡಿಗೆ ಸರಿ, ಇಲ್ಲಿ ಅದೊಂದೇ ಮುಂದೆ ನಿಲ್ಲುತ್ತದೆ. ಸೂರ್ಯಕಾಂತಿ ಎಣ್ಣೆಗೆ ವಾಸನೆ ಇಲ್ಲ, ತಣ್ಣಗಾದರೂ ತೆಳ್ಳಗೇ ಇರುತ್ತದೆ. ಜರ್ಮನ್ ಅಡುಗೆಮನೆಯಲ್ಲೂ ಅದು ದಿನಬಳಕೆಯದು.

ಸೊಪ್ಪಿಗೆ ಬಂದರೆ, ಶ್ನಿಟ್‌ಲೌಖ್ ಇಲ್ಲಿನ ತರಕಾರಿ ಗಾಡಿಯಲ್ಲಿ ಸಿಗುವಂಥದ್ದಲ್ಲ. ಈರುಳ್ಳಿ ಸೊಪ್ಪಿನ ಹಸಿರು ತುದಿಯನ್ನು, ಬಿಳಿ ಭಾಗ ಬಿಟ್ಟು, ಸಣ್ಣಗೆ ಹೆಚ್ಚಿ 2 ಊಟದ ಚಮಚ ಹಾಕಿ. ನಮ್ಮಲ್ಲಿ ಧಂಡಿಯಾಗಿ ಸಿಗುವ ಸಬ್ಬಸಿಗೆಯೂ ನಡೆಯುತ್ತದೆ. ಅದರ ಜಾತಿಯ ಸೊಪ್ಪನ್ನು ಜರ್ಮನರು ಸೌತೆಕಾಯಿ ಸಲಾಡಿಗೆ ಹಾಕುವುದು ವಾಡಿಕೆ. ನಮ್ಮ ಸಬ್ಬಸಿಗೆಗೆ ಘಾಟು ಹೆಚ್ಚು, ಆದ್ದರಿಂದ ದಂಟು ತೆಗೆದು ಒಂದು ಟೀ ಚಮಚಕ್ಕೆ ನಿಲ್ಲಿಸಿ. ಕೊತ್ತಂಬರಿ ಸೊಪ್ಪನ್ನು ಮಾತ್ರ ಈ ಒಂದು ದಿನ ಪಕ್ಕಕ್ಕಿಡಿ.

ಮಾಡುವ ಕ್ರಮ

ಊಟಕ್ಕೆ ಒಂದೂವರೆ ಗಂಟೆ ಮುಂಚೆ ವಿನೆಗರಿಗೆ ಸಕ್ಕರೆ, ಅರ್ಧದಷ್ಟು ಉಪ್ಪು ಹಾಕಿ ಪೂರ್ತಿ ಕರಗುವ ತನಕ ಕಲಕಿ. ಎಣ್ಣೆ ಆಮೇಲೆ. ಮೊದಲೇ ಎಣ್ಣೆ ಸುರಿದರೆ ಉಪ್ಪು, ಸಕ್ಕರೆ ಅದರಲ್ಲಿ ಕರಗುವುದಿಲ್ಲ, ತಿನ್ನುವಾಗ ಹಲ್ಲಿಗೆ ಸಿಗುತ್ತವೆ. ಕೊಚ್ಚಿದ ಈರುಳ್ಳಿಯನ್ನು ಈ ವಿನೆಗರಿನಲ್ಲೇ ಹಾಕಿ ಫ್ರಿಜ್ಜಿನಲ್ಲಿಡಿ. ಒಂದು ಗಂಟೆಯಲ್ಲಿ ಘಾಟು ಇಳಿಯುತ್ತದೆ, ಕೆಂಪು ಈರುಳ್ಳಿಯಾದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತುಂಬ ಖಾರದ ಈರುಳ್ಳಿಯನ್ನು ಮೊದಲು ಹತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಿ ಹಿಂಡಿ. ಬಡಿಸುವ ಬಟ್ಟಲನ್ನೂ ಫ್ರಿಜ್ಜಿಗೇ ಸೇರಿಸಿ. ಸ್ಟೀಲು, ಗಾಜು, ಪಿಂಗಾಣಿ ಯಾವುದಾದರೂ ಸರಿ. ಅಲ್ಯೂಮಿನಿಯಂ ಮತ್ತು ಕಲಾಯಿ ಇಲ್ಲದ ಹಿತ್ತಾಳೆ ಹುಳಿಗೆ ಆಗದು.

ಊಟಕ್ಕೆ ಮುಕ್ಕಾಲು ಗಂಟೆ ಇದೆ ಅನ್ನುವಾಗ ಟೊಮೆಟೊ ಹೆಚ್ಚಿ. ತೊಟ್ಟಿನ ಕೆಳಗಿನ ಹಸಿರು ಗಟ್ಟಿ ಭಾಗವನ್ನು ಜರ್ಮನರು ತಪ್ಪದೆ ಕೊರೆದು ತೆಗೆಯುತ್ತಾರೆ, ನೀವೂ ತೆಗೆಯಿರಿ. ಹೈಬ್ರಿಡ್ ಅನ್ನು ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ, ಸಿಪ್ಪೆ ಒರಟಾಗಿದ್ದಷ್ಟೂ ಬಿಲ್ಲೆ ತೆಳುವಾಗಲಿ. ನಾಟಿಯನ್ನು ಎಂಟು ಹೋಳು ಮಾಡಿ. ಹರಿತವಾದ ಈಳಿಗೆಮಣೆ ಚೆನ್ನ, ಬ್ರೆಡ್ ಕೊಯ್ಯುವ ಗರಗಸದಂಥ ಚಾಕು ಇನ್ನೂ ಚೆನ್ನ. ಮೊಂಡು ಚಾಕು ಕೊಯ್ಯುವುದಕ್ಕಿಂತ ಹಿಸುಕುವುದೇ ಹೆಚ್ಚು. ಬೀಜ ತೆಗೆಯಬೇಡಿ. ಬೀಜದ ಸುತ್ತಲಿನ ಲೋಳೆಯಲ್ಲೇ ಹುಳಿ, ರುಚಿ ಹೆಚ್ಚಾಗಿರುವುದು.

ಹೋಳಿಗೆ ಉಳಿದ ಉಪ್ಪು ಉದುರಿಸಿ, ತೂತಿನ ಜರಡಿ ಬುಟ್ಟಿಯಲ್ಲಿ ಹಾಕಿ, ಕೆಳಗೊಂದು ಪಾತ್ರೆ ಇಟ್ಟು ಹತ್ತು ನಿಮಿಷ ಬಿಡಿ. ಕೋಸಂಬರಿಗೆ ಉಪ್ಪು ಕೊನೆಗೆ ಹಾಕುವುದು ನೀರು ಬಿಡುತ್ತದೆ ಅಂತ ತಾನೆ? ಇಲ್ಲಿ ಅದೇ ಕಾರಣಕ್ಕೆ ಮೊದಲೇ ಹಾಕುವುದು. ಬಿಡುವ ನೀರನ್ನು ಬಟ್ಟಲಿಗೆ ಬರುವ ಮುಂಚೆಯೇ ಬಿಡಿಸಿದರೆ ವಿನೆಗರ್ ರಸ ತೆಳುವಾಗುವುದಿಲ್ಲ. ಇಳಿದ ರಸದಲ್ಲಿ ಒಂದೆರಡು ಚಮಚ ವಿನೆಗರಿಗೆ ಸೇರಿಸಿ, ಮಿಕ್ಕಿದ್ದು ರಾತ್ರಿಯ ಸಾರಿಗೆ.

ಇನ್ನು ಈರುಳ್ಳಿ ವಿನೆಗರಿಗೆ ಸಾಸಿವೆ ಸಾಸ್, ಕಾಳುಮೆಣಸಿನ ಪುಡಿ, ಎಣ್ಣೆ ಹಾಕಿ ಫೋರ್ಕಿನಿಂದ ಜೋರಾಗಿ ಕಡೆಯಿರಿ. ಮುಚ್ಚಳ ಭದ್ರವಿರುವ ಬಾಟಲಿಯಲ್ಲಿ ಕುಲುಕಿದರೂ ಆಯಿತು. ತಣ್ಣನೆಯ ಬಟ್ಟಲಿಗೆ ಟೊಮೆಟೊ ಹಾಕಿ, ರಸ ಸುರಿದು, ಎರಡು ಚಮಚಗಳಿಂದ ಕೆಳಗಿನಿಂದ ಮೇಲಕ್ಕೆ ಮೂರು ನಾಲ್ಕು ಸಲ ತಿರುವಿ. ಪಲ್ಯದಂತೆ ಕೆದಕಿದರೆ ಲೋಳೆಯೆಲ್ಲ ಕಳಚಿ ಬೀಳುತ್ತದೆ. ಮುಚ್ಚಿ, ಫ್ರಿಜ್ಜಿನಲ್ಲಿ 30 ನಿಮಿಷ. ಒಂದು ಗಂಟೆಗಿಂತ ಹೆಚ್ಚು ಬೇಡ.

ತೆಗೆದ ಮೇಲೆ ಇನ್ನೊಮ್ಮೆ ರುಚಿ ನೋಡಿ. ತಣ್ಣಗಾದಾಗ ಸಿಹಿ, ಪರಿಮಳ ನಾಲಿಗೆಗೆ ಕಡಿಮೆ ತಿಳಿಯುತ್ತವೆ, ಹುಳಿ ಮುಂದೆ ಬರುತ್ತದೆ. ಬೇಕೆನಿಸಿದರೆ ಇನ್ನೊಂದು ಚಿಟಿಕೆ ಸಕ್ಕರೆಯನ್ನು ತಳದ ರಸದಲ್ಲಿ ಕರಗಿಸಿ ಮೇಲೆ ಹಾಕಿ. ಮಂಡ್ಯದ ಬೆಲ್ಲ ಕೈಗೆಟಕುವಷ್ಟರಲ್ಲಿದ್ದರೂ ಇಲ್ಲಿ ಸಕ್ಕರೆಯೇ ಇರಲಿ, ಬೆಲ್ಲದ ವಾಸನೆ ಬಂದರೆ ಗೊಜ್ಜಿನ ನೆನಪಾಗುತ್ತದೆ. ಸೊಪ್ಪು ಉದುರಿಸುವುದು ತಟ್ಟೆಗೆ ಬರುವ ಹೊತ್ತಿಗೆ. ಮೊದಲೇ ಹಾಕಿದರೆ ಹುಳಿಯಲ್ಲಿ ಬಾಡಿ ಕಂದುತ್ತದೆ.

ಕರೆಂಟು ಹೋಗಿದ್ದರೆ

ಅಗಲವಾದ ಬೇಸಿನ್ನಿನಲ್ಲಿ ಐಸು, ಸ್ವಲ್ಪ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ, ಅದರಲ್ಲಿ ಸ್ಟೀಲು ಬಟ್ಟಲು ಕೂರಿಸಿ. ಉಪ್ಪು ಬಿದ್ದ ಐಸು ಬರಿಯ ಐಸಿಗಿಂತ ತಣ್ಣಗಾಗುತ್ತದೆ, 15 ನಿಮಿಷದಲ್ಲಿ ಸಲಾಡ್ ಸಿದ್ಧ. ಐಸನ್ನು ಸಲಾಡಿನೊಳಗೇ ಹಾಕುವವರೂ ಉಂಟು. ಕರಗಿದ ಮೇಲೆ ಅದು ಟೊಮೆಟೊ ತೇಲುವ ನೀರು.

ಯಾವುದರ ಜೊತೆ

ಜರ್ಮನಿಯಲ್ಲಿ ಇದನ್ನು ಬ್ರೆಡ್, ಕೆಂಡದಲ್ಲಿ ಸುಟ್ಟ ಸಾಸೇಜ್, ಹುರಿದ ಆಲೂಗಡ್ಡೆಯ ಜೊತೆ ತಿನ್ನುತ್ತಾರೆ, ತಳದಲ್ಲಿ ಉಳಿದ ರಸವನ್ನು ಬ್ರೆಡ್ಡಿನಿಂದ ಒರೆಸುತ್ತಾರೆ. ನಮ್ಮಲ್ಲಿ ಚಪಾತಿ ಮತ್ತು ಆಲೂಗಡ್ಡೆ ಪಲ್ಯ, ಬಿಸಿ ಅಕ್ಕಿರೊಟ್ಟಿ, ಕಬಾಬು, ಹುರಿದ ಮೀನು ಎಲ್ಲಕ್ಕೂ ಹೊಂದುತ್ತದೆ. ಮುದ್ದೆಗೆ ಬೇಡ, ಅದು ಕೇಳುವುದು ಸಾರನ್ನು. ಮೊಸರನ್ನದ ಪಕ್ಕದಲ್ಲೂ ಇಡದಿರುವುದು ವಾಸಿ, ವಿನೆಗರಿನ ಹುಳಿಯೂ ಮೊಸರಿನ ಹುಳಿಯೂ ಜಗಳ ಆಡುತ್ತವೆ. ಡಬ್ಬಿಗೆ ಕಟ್ಟುವುದಾದರೆ ರಸ ಬೇರೆ ಸೀಸೆಯಲ್ಲಿ, ಟೊಮೆಟೊ ಹೆಚ್ಚದೆ.

35 ಡಿಗ್ರಿ ಮುಟ್ಟುವ ದಿನಗಳಲ್ಲಿ ಹೆಚ್ಚಿದ ಟೊಮೆಟೊವನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಮಿಕ್ಕದ್ದು ಫ್ರಿಜ್ಜಿನಲ್ಲಿ ಮರುದಿನದವರೆಗೆ ಕೆಡದೆ ಇರುತ್ತದೆ, ಆದರೆ ಮೆತ್ತಗಾಗಿ ಸಲಾಡ್ ಅನ್ನಿಸಿಕೊಳ್ಳುವುದಿಲ್ಲ. ಆಗ ಬಾಣಲೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ, ಮಿಕ್ಕಿದ್ದನ್ನು ರಸದ ಸಮೇತ ಸುರಿದು, ಒಂದು ಚಮಚ ಸಾರಿನ ಪುಡಿ, ಚೂರು ಬೆಲ್ಲ ಹಾಕಿ ಗಟ್ಟಿಯಾಗುವ ತನಕ ಕುದಿಸಿ. ಹುಣಸೆ ಬೇಕಿಲ್ಲ, ಎಣ್ಣೆಯೂ ಅದರಲ್ಲೇ ಇರುವುದರಿಂದ ಒಗ್ಗರಣೆಗೆ ಒಂದು ಚಮಚ ಸಾಕು. ವಿನೆಗರ್ ಕಾದಾಗ ಆವಿ ಕಣ್ಣಿಗೆ ಹೊಡೆಯುತ್ತದೆ, ಕಿಟಕಿ ತೆರೆದಿಡಿ.