ಬೇಸಿಗೆಯಲ್ಲಿ ಆನೆ ಹಿಂಡನ್ನು ನೋಡುವುದು ಹೇಗೆ?

ಏಪ್ರಿಲ್‌ನಲ್ಲಿ ಕಬಿನಿಗೆ ಹೋಗುವವರ ಕಣ್ಣೆಲ್ಲ ಹುಲಿಯ ಮೇಲೆ. ಆದರೆ 1974ರಲ್ಲಿ ಕಟ್ಟಿ ಮುಗಿದ ಅಣೆಕಟ್ಟಿನ ಹಿನ್ನೀರು ಆಗ ಇಳಿದು, ದಂಡೆಯ ತುಂಬ ಎಳೆಹುಲ್ಲು ಚಿಗುರಿರುತ್ತದೆ. ಒಣಗಿದ ಕಾಡಿನಿಂದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಮರಿಯಿರುವ ಒಂದು ಹಿಂಡು ಸಿಕ್ಕರೆ ಹುಲಿಯನ್ನು ಮರೆತು ಅಲ್ಲೇ ನಿಲ್ಲಿ.

ಮಧ್ಯಾಹ್ನದ ಸಫಾರಿಯನ್ನೇ ಆರಿಸಿ. ಬೆಳಗಿನ ತಂಪಿನಲ್ಲಿ ಸೆಖೆಯ ಪಾಡು ಅಷ್ಟಾಗಿ ಕಾಣುವುದಿಲ್ಲ. ಜೀಪನ್ನು ದೂರದಲ್ಲೇ ನಿಲ್ಲಿಸಿ ಎಂಜಿನ್ ಆರಿಸಲು ಚಾಲಕರಿಗೆ ಮೊದಲೇ ಹೇಳಿ.

ಮೊದಲು ಕಿವಿ ನೋಡಿ. ಆನೆಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಕಿವಿಯ ತೆಳು ಚರ್ಮದಡಿ ರಕ್ತನಾಳಗಳು ಬಲೆಯಂತೆ ಹರಡಿವೆ; ಬೀಸಿದಾಗ ಅಲ್ಲಿನ ರಕ್ತ ತಣಿದು ಮೈಗೆ ಮರಳುತ್ತದೆ. ಒಂದು ನಿಮಿಷಕ್ಕೆ ಎಷ್ಟು ಸಲ ಬೀಸುತ್ತದೆಂದು ಎಣಿಸಿ, ಬಿಸಿಲಿಳಿದ ಮೇಲೆ ಮತ್ತೊಮ್ಮೆ ಎಣಿಸಿ.

ಆಮೇಲೆ ಮರಿಯನ್ನು ಹುಡುಕಿ. ಸುಮ್ಮನೆ ನೋಡಿದರೆ ಸಿಗುವುದಿಲ್ಲ, ತಾಯಿಯ ಹೊಟ್ಟೆಯಡಿಯ ನೆರಳಿನಲ್ಲಿ ಹುಡುಕಬೇಕು. ಹುಟ್ಟುವಾಗ ಅದರ ತೂಕ ಸುಮಾರು 100 ಕಿಲೋ. ನಮಗೆ ದೊಡ್ಡದು, ಆದರೆ ಟನ್‌ಗಟ್ಟಲೆ ತೂಗುವ ತಾಯಿಯ ಮುಂದೆ ಬಲು ಚಿಕ್ಕದು. ತೂಕಕ್ಕೆ ಹೋಲಿಸಿದರೆ ಚಿಕ್ಕ ದೇಹಕ್ಕೆ ಚರ್ಮದ ವಿಸ್ತಾರ ಹೆಚ್ಚು. ಹೀಗಾಗಿ ಬಿಸಿಲಿಗೆ ಬೇಗ ಕಾಯುತ್ತದೆ, ಮಳೆಯಲ್ಲಿ ನೆನೆದರೆ ಬೇಗ ತಣ್ಣಗಾಗುತ್ತದೆ. ದೊಡ್ಡವು ಸೊಂಡಿಲಿನಲ್ಲಿ ನೀರೆಳೆದು ಬೆನ್ನಿಗೆ ಎರಚಿಕೊಂಡರೆ, ಮೊದಲ ಕೆಲವು ತಿಂಗಳು ಮರಿಗೆ ಸೊಂಡಿಲು ಇನ್ನೂ ಕೈಗೆ ಬಂದಿರುವುದಿಲ್ಲ. ನೀರಿಗೆ ಬಾಯಿಯನ್ನೇ ಇಟ್ಟು ಕುಡಿಯುತ್ತದೆ. ಮರಿ ಮಲಗಿದಾಗ ದೊಡ್ಡವು ಸುತ್ತ ನಿಂತು ನೆರಳು ಕೊಡುವುದು ಕಂಡರೆ ನಿಮ್ಮ ಅದೃಷ್ಟ. ಕ್ಯಾಮೆರಾ ಕೆಳಗಿಟ್ಟು ಕಣ್ಣಾರೆ ನೋಡಿ.

ಕೆಸರಿನಾಟವನ್ನೂ ಬಿಡಬೇಡಿ. ಚರ್ಮದ ಸುಕ್ಕುಗಳಲ್ಲಿ ಕೂತ ಕೆಸರು ನಿಧಾನವಾಗಿ ಆರುವುದರಿಂದ ತಂಪು ಹೆಚ್ಚು ಹೊತ್ತು ಉಳಿಯುತ್ತದೆ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹಿಂಡಿಗೂ ನೀರಿಗೂ ನಡುವೆ ಜೀಪು ನಿಲ್ಲಲು ಬಿಡಬೇಡಿ. ಬೀಸುತ್ತಿದ್ದ ಕಿವಿ ಅಗಲವಾಗಿ ಹರಡಿ ನಿಂತುಬಿಟ್ಟರೆ, ದೊಡ್ಡವು ಮರಿಯನ್ನು ನಡುವೆ ಸೇರಿಸಿಕೊಂಡರೆ, ಅದು ಸೆಖೆಗಲ್ಲ, ನಿಮಗೆ ಹೆದರಿ. ಫೋಟೊ ಸಿಗದಿದ್ದರೂ ಸರಿ, ಕೂಡಲೇ ಜೀಪನ್ನು ಹಿಂದಕ್ಕೆ ತೆಗೆಸಿ. ಆ ಮರಿ ಇನ್ನೂ ನೀರು ಮುಟ್ಟಿಲ್ಲ.